ಬಗ್ಗದೆ ಬಟ್ಟೆ ಒಗೆಯುವ ಉಪಾಯ

ಬೆನ್ನು ನನ್ನದೇ. ಆದರೆ ಅದರ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ ಕಡಿಮೆಯೆಂದರೂ ನಲವತ್ತು ಜನ ಇದ್ದಾರೆ. ಬಸ್ಸಿನಲ್ಲಿ ಪಕ್ಕ ಕೂತವರು ಎಣ್ಣೆ ಹೇಳುತ್ತಾರೆ. ಆ ಎಣ್ಣೆ ತಿಕ್ಕಿ ಸೋತವರು ಬೆಲ್ಟು ಹೇಳುತ್ತಾರೆ. ಬೆಲ್ಟು ಕಟ್ಟಿಕೊಂಡು ನರಳುತ್ತಿರುವವರು ಎಲ್ಲವನ್ನೂ ಮೇಲಿನವನಿಗೆ ಬಿಡಿ ಅನ್ನುತ್ತಾರೆ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಸಂಬಳವಿಲ್ಲದೆ ಇಷ್ಟು ಶ್ರದ್ಧೆಯಿಂದ ಪಾಠ ಮಾಡುವವರನ್ನು ಸ್ಟಾಫ್ ರೂಮಿನಲ್ಲಿಯೂ ಕಂಡಿರಲಿಲ್ಲ.

ಕೊನೆಗೆ ಫೀಸು ತೆಗೆದುಕೊಂಡು ಹೇಳುವವರ ಹತ್ತಿರವೇ ಹೋದೆವು. ಶಿವಮೊಗ್ಗದ ಮೂಳೆ ಡಾಕ್ಟರು ನನ್ನ ಬೆನ್ನಿನ ಫೋಟೋವನ್ನು ಬೆಳಕಿಗೆ ಹಿಡಿದು, ಯಾರದೋ ಕಾಪಿ ಪುಸ್ತಕದಲ್ಲಿ ತಪ್ಪು ಹುಡುಕುವವರ ಹಾಗೆ ನೋಡಿದರು.

"ಟೀಚರೇ, ಇನ್ಮೇಲೆ ಬಗ್ಗೋದು ಕಮ್ಮಿ ಮಾಡಿ. ಬಕೆಟ್ ಎತ್ತಬೇಡಿ. ನಮಾಜು ಕುರ್ಚಿ ಮೇಲೆ ಕೂತು ಮಾಡಿ. ನಿಮ್ಮವರು ಎಷ್ಟೋ ಜನ ಹಾಗೇ ಮಾಡ್ತಾರೆ."

ಬಕೆಟ್ಟಿನ ಮಾತು ಒಪ್ಪಿಗೆಯಾಯಿತು. ಅದೇನು ನನ್ನ ತವರುಮನೆಯ ಆಸ್ತಿಯಲ್ಲ. ಕುರ್ಚಿಯ ಮಾತು ಎದೆಗೆ ನಾಟಿತು. ಏಳು ವರ್ಷದವಳಿದ್ದಾಗ ಅಜ್ಜಿಯ ಪಕ್ಕದಲ್ಲಿ ಕಲಿತದ್ದು ನಾನು, ಹಣೆಯನ್ನು ನೆಲಕ್ಕೆ ಮುಟ್ಟಿಸುವ ಆ ಸಜ್ದಾ. ನಿಂತಾಗ, ಕೂತಾಗ ನನ್ನ ತಲೆಯಲ್ಲಿ ಅಕ್ಕಿ, ಬೇಳೆ, ಗ್ಯಾಸ್ ಸಿಲಿಂಡರ್ ಎಲ್ಲ ಓಡಾಡುತ್ತಿರುತ್ತವೆ. ಹಣೆ ನೆಲಕ್ಕೆ ತಾಗಿದ ಆ ಒಂದು ಗಳಿಗೆ ಮಾತ್ರ ಎಲ್ಲವೂ ನಿಲ್ಲುತ್ತದೆ. ಕುರ್ಚಿಯಲ್ಲಿ ಕೂತು ಮಾಡಿದ ನಮಾಜು ಸಲ್ಲುತ್ತದೆ, ಅದು ನನಗೂ ಗೊತ್ತು. ಕುರ್ಚಿಯಲ್ಲಿ ಮಾಡುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ನನಗೆ ನೆಲ ಬೇಕು, ಅಷ್ಟೇ.

"ಒಟ್ಟು ದಿನಕ್ಕೆ ಎಷ್ಟು ಸಲ ಬಗ್ಗಬಹುದು ಡಾಕ್ಟ್ರೇ?" ಎಂದು ಕೇಳಿದೆ.

"ಅದೇನು ಮಾತ್ರೆನಾ, ಬೆಳಿಗ್ಗೆ ಎರಡು ಸಂಜೆ ಎರಡು ಅನ್ನೋಕೆ? ಎಷ್ಟು ಕಮ್ಮಿನೋ ಅಷ್ಟು ಒಳ್ಳೇದು."

ಇನ್ನೊಂದು ಸಂಗತಿಯನ್ನು ಡಾಕ್ಟರಿಗೆ ಹೇಳಲಿಲ್ಲ. ಮನೆಯಲ್ಲಿ ಇವರಿಗೂ ಹೇಳಿರಲಿಲ್ಲ. ಕೆಲವು ತಿಂಗಳಿಂದ ಸಜ್ದಾದಿಂದ ಎದ್ದು ನಿಲ್ಲಬೇಕಾದರೆ ನಾನು ಬಲಗಡೆಯ ಗೋಡೆಗೆ ಕೈ ಕೊಡಬೇಕಾಗುತ್ತಿತ್ತು. ಸುಣ್ಣದ ಗೋಡೆಯ ಮೇಲೆ ಅಂಗೈಯ ಗುರುತು ಮೂಡುತ್ತಿತ್ತು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿ ಹಾಕುತ್ತಿದ್ದೆ. ಗೊತ್ತಾದರೆ ಅದೇ ದಿನ ಕುರ್ಚಿ ಬರುತ್ತದೆಂದು ನನಗೆ ಗೊತ್ತಿತ್ತು.

ಗೊತ್ತಾಗದೆಯೂ ಬಂತು. ಡಾಕ್ಟರ್ ಹೇಳಿದ ಮೇಲೆ ಇವರು ಬಿಡುತ್ತಾರೆಯೇ? ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಕೊಂಡು, ಭದ್ರಾವತಿಯ ತನಕ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಬಸ್ಸಿನಲ್ಲಿ ಕೂರಲು ಜಾಗವಿಲ್ಲದೆ ನಿಂತವರೆಲ್ಲ ಆ ಕುರ್ಚಿಯನ್ನು ಆಸೆಯಿಂದ ನೋಡಿದರು.

ಮಾರನೆಯ ದಿನ ನಾನು ಲೆಕ್ಕಕ್ಕೆ ಕೂತೆ. ನನ್ನ ಬೆನ್ನಿನಲ್ಲಿ ಇನ್ನು ಇಷ್ಟೇ ಬಗ್ಗುವುದು ಬಾಕಿ ಇದ್ದರೆ, ಅದು ಎಲ್ಲಿ ಖರ್ಚಾಗಬೇಕು ಅನ್ನುವುದನ್ನು ನಾನೇ ತೀರ್ಮಾನಿಸುತ್ತೇನೆ. ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ನಿಂತು, ಒಂದೊಂದು ಸಲ ಬಗ್ಗಿದಾಗಲೂ ಕಿಟಕಿಯ ಮೇಲೆ ಒಂದೊಂದು ಹುಣಸೆಬೀಜ ಇಟ್ಟೆ. ನೆನೆಹಾಕಿದ ಬಟ್ಟೆ ಎತ್ತುವುದಕ್ಕೆ, ಜಾರಿ ಬಿದ್ದ ಸೋಪಿಗೆ, ನಲ್ಲಿ ತಿರುಗಿಸುವುದಕ್ಕೆ. ನಮ್ಮಲ್ಲಿ ಬಟ್ಟೆ ಪಾಕ್ ಆಗಬೇಕು, ಅಂದರೆ ಶುದ್ಧವಾಗಬೇಕು ಅಂದರೆ, ಮೂರು ನೀರಿನಲ್ಲಿ ಜಾಲಿಸಿ ಮೂರು ಸಲ ಹಿಂಡಬೇಕು. ಅದಕ್ಕೆ ಮೂರು ಸಲ ಬಕೆಟ್ಟಿನ ಪ್ರದಕ್ಷಿಣೆ. ಕೊನೆಗೆ ಎಣಿಸಿದರೆ ನಲವತ್ತಾರು ಬೀಜ. ಐದು ಹೊತ್ತಿನ ಕಡ್ಡಾಯದ ನಮಾಜಿಗೆ ಸಜ್ದಾ ಇರುವುದು ಮೂವತ್ತನಾಲ್ಕು. ಅಂದರೆ ನಾನು ಇಷ್ಟು ವರ್ಷ ದೇವರ ಮುಂದೆ ಬಗ್ಗಿದ್ದಕ್ಕಿಂತ ಹೆಚ್ಚು ಇವರ ಲುಂಗಿ ಬನೀನುಗಳ ಮುಂದೆ ಬಗ್ಗಿದ್ದೇನೆ. ಪರಲೋಕದಲ್ಲಿ ಇದಕ್ಕೆ ನಾನು ಏನು ಉತ್ತರ ಕೊಡಲಿ?

ಬೀಜಗಳನ್ನು ಒಂದು ಬಟ್ಟಲಲ್ಲಿ ಹಾಕಿ ಇವರ ಮುಂದೆ ಇಟ್ಟೆ. "ವಾಷಿಂಗ್ ಮಷೀನ್ ತಗೋಬೇಕು. ಬಗ್ಗೋದೇ ಇರಬಾರದು, ಅಂಥದ್ದು."

ಇವರು ಯಾರೆಂದು ಈಗ ಹೇಳಬೇಕು. ನನ್ನ ಗಂಡ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಕಾರ್ಖಾನೆ ಇವರನ್ನು ಬಿಟ್ಟು ವರ್ಷಗಳಾದವು, ಇವರು ಕಾರ್ಖಾನೆಯನ್ನು ಬಿಟ್ಟಿಲ್ಲ. ಮನೆಯಲ್ಲಿ ಒಂದು ಕದ ಕಿರುಗುಟ್ಟಿದರೆ ಸಾಕು, ಇವರ ಶಿಫ್ಟ್ ಶುರು. ಅಳತೆಯ ವಿಷಯದಲ್ಲಿ ಇವರದು ಒಂದೇ ಮಾತು: "ಒಂದು ನೂಲೂ ಆಚೀಚೆ ಆಗಲ್ಲ." ನೂಲು ಅಂದರೆ ಇಂಚಿನ ಎಂಟನೆಯ ಒಂದು ಭಾಗ. ನಲವತ್ತು ವರ್ಷದ ಸಂಸಾರದಲ್ಲಿ ಈ ಮಾತನ್ನು ನಾನು ಅಜಾನಿಗಿಂತ ಸ್ವಲ್ಪವೇ ಕಡಿಮೆ ಸಲ ಕೇಳಿದ್ದೇನೆ. ನಮ್ಮ ಮನೆಮಾತು ದಖನಿ. ಆದರೆ ಜಗಳ ಮಾತ್ರ ಕನ್ನಡದಲ್ಲಿ, ಯಾಕೆಂದರೆ ವ್ಯಾಕರಣ ನನ್ನ ಕಡೆಗಿದೆ. ಅದಕ್ಕೇ ಇವರು ನನ್ನನ್ನು ಟೀಚರ್ ಎಂದೇ ಕರೆಯುವುದು.

ಒಂದು ಬೆಳಿಗ್ಗೆ ಮಷೀನು ನೋಡಲು ಶಿವಮೊಗ್ಗಕ್ಕೆ ಹೋದೆವು. ಸೋಗಾನೆಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಶಿವಮೊಗ್ಗದ ಅಂಗಡಿಗಳಿಗೂ ರೆಕ್ಕೆ ಬಂದಿದೆ. ಏಸಿ, ಗಾಜಿನ ಬಾಗಿಲು, ಬಾಗಿಲಲ್ಲಿ ಕೈಮುಗಿಯುವುದಕ್ಕೆಂದೇ ಒಬ್ಬರು. ಒಳಗೆ ಟೈ ಕಟ್ಟಿದ ಸೇಲ್ಸ್‌ಮನ್ ನಮ್ಮನ್ನು ಹಿಡಿದುಕೊಂಡರು.

"ಬನ್ನಿ ಆಂಟಿ, ಇದು ಹೊಸ ಮಾಡೆಲ್. ನೀವು ಬೆಂಗಳೂರಲ್ಲಿದ್ರೂ ಫೋನಿಂದಾನೇ ಆನ್ ಮಾಡಬಹುದು."

"ಬೆಂಗಳೂರಿಂದಾನೇ ಒಣಗಹಾಕೋಕೂ ಆಗುತ್ತಾ?"

"ಅದು... ಅದು ಆಗಲ್ಲ ಆಂಟಿ."

ಅಜ್ಜಿಗೆ ಅರಿವೆ ಚಿಂತೆ ಎಂಬ ಗಾದೆ ಕಟ್ಟಿದವರು ಬಹುಶಃ ನನ್ನನ್ನು ನೋಡಿಯೇ ಕಟ್ಟಿರಬೇಕು. ಆ ಮಷೀನುಗಳಿಗೆ ಬಟ್ಟೆಯ ತೂಕ ಗೊತ್ತಂತೆ, ಕೊಳೆ ಗೊತ್ತಂತೆ, ನೀರಿನ ಗಡಸುತನ ಗೊತ್ತಂತೆ. ಎದುರಿಗೆ ನಿಂತ ಹೆಂಗಸಿನ ಬೆನ್ನೊಂದು ಬಿಟ್ಟು ಎಲ್ಲವೂ ಗೊತ್ತು. ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ಕನ್ನು ನಾನೇ ಬೇಡವೆಂದೆ. ಒದ್ದೆ ಬಟ್ಟೆಯನ್ನು ಒಂದರಿಂದ ಎತ್ತಿ ಇನ್ನೊಂದಕ್ಕೆ ಹಾಕುವ ಕೂಲಿಗೆ ನನ್ನ ಹಿತ್ತಿಲಿನ ಕಲ್ಲೇ ವಾಸಿ.

"ಹಾಗಾದ್ರೆ ಟಾಪ್ ಲೋಡ್ ತಗೊಳ್ಳಿ. ಮೇಲಿಂದ ಹಾಕೋದು, ಮೇಲಿಂದ ತೆಗೆಯೋದು. ಬಗ್ಗೋದೇ ಬೇಡ."

ಅವರ ಕರ್ಚೀಫು ಕೇಳಿ ಪಡೆದು ಡ್ರಮ್ಮಿನ ತಳಕ್ಕೆ ಬಿಟ್ಟೆ. ಆಮೇಲೆ ಅದನ್ನು ತೆಗೆಯಲು ಹೋದೆ. ನನ್ನ ಎತ್ತರ ಐದಡಿಗೆ ಕಡಿಮೆ. ಅಂಚು ಹೊಟ್ಟೆಗೆ ಒತ್ತಿತು, ಹಿಮ್ಮಡಿ ನೆಲ ಬಿಟ್ಟಿತು, ಬಾವಿಗೆ ಬಿದ್ದ ಕೊಡ ತೆಗೆಯುವವಳ ಹಾಗೆ ಅರ್ಧ ದೇಹ ಒಳಗೆ ಹೋದರೂ ಕರ್ಚೀಫು ಇನ್ನೂ ನಾಲ್ಕು ಬೆರಳು ಕೆಳಗಿತ್ತು. ಇವರು ಬಂದು ನನ್ನ ಸೊಂಟ ಹಿಡಿದುಕೊಂಡರು. ನಲವತ್ತು ವರ್ಷದಲ್ಲಿ ಸಾರ್ವಜನಿಕವಾಗಿ ಇವರು ನನ್ನ ಸೊಂಟ ಹಿಡಿದದ್ದು ಅದೇ ಮೊದಲು. ಕರ್ಚೀಫನ್ನು ಕೊನೆಗೆ ಸೇಲ್ಸ್‌ಮನ್ನೇ ತೆಗೆದುಕೊಂಡರು.

ಮುಂದಿನದು ಫ್ರಂಟ್ ಲೋಡ್. ಬಾಗಿಲು ಎದುರಿಗೆ, ದುಂಡಗೆ, ಮೊಣಕಾಲಿಗಿಂತ ಒಂದಿಷ್ಟೇ ಮೇಲೆ. "ಒಳಗೆ ನೋಡಿ ಆಂಟಿ, ಎಷ್ಟು ಜಾಗ ಇದೆ," ಎಂದರು. ನೋಡಬೇಕಾದರೆ ಮೊದಲು ಮೊಣಕಾಲೂರಬೇಕು, ಆಮೇಲೆ ಕೈಯೂರಬೇಕು, ಆಮೇಲೆ ತಲೆ ತಗ್ಗಿಸಬೇಕು. ಅರ್ಧ ಬಗ್ಗಿದ ಮೇಲೆ ಈ ಭಂಗಿ ನನಗೆ ಪರಿಚಯದ್ದು ಎನ್ನಿಸಿತು. ಮೆಲ್ಲಗೆ ಸೀದಾ ಆದೆ.

"ಇಷ್ಟು ಬಗ್ಗೋದು ನಾನು ಒಬ್ಬನ ಮುಂದೆ ಮಾತ್ರ ಕಣಪ್ಪ. ಅವನಿಗೆ ಕರೆಂಟು ಬೇಕಾಗಿಲ್ಲ."

ಸೇಲ್ಸ್‌ಮನ್ ಇವರ ಮುಖ ನೋಡಿದರು. ಇವರು ಮಷೀನಿನ ಕೆಳಗೆ ನೋಡುತ್ತಿದ್ದರು. ಆ ನೋಟ ನನಗೆ ಗೊತ್ತು. ಮನೆಯಲ್ಲಿ ಏನಾದರೂ ಒಡೆಯುವ ಮುಂಚೆ ಬರುವ ನೋಟ ಅದು.

"ಇದನ್ನೇ ಸ್ಟ್ಯಾಂಡ್ ಮೇಲೆ ಎತ್ತಿ ಇಟ್ರೆ ಬಾಗಿಲು ಸೊಂಟಕ್ಕೆ ಬರುತ್ತೆ. ಬಗ್ಗೋದೂ ಇಲ್ಲ, ಇಣುಕೋದೂ ಇಲ್ಲ," ಎಂದರು.

"ಸ್ಟ್ಯಾಂಡ್ ನಮ್ಮಲ್ಲೇ ಇದೆ ಅಂಕಲ್, ನಾಲ್ಕಿಂಚಿಂದು."

"ನಾಲ್ಕಿಂಚಲ್ಲಿ ಯಾರ ಬೆನ್ನು ಉಳಿಯುತ್ತೆ ಮಾರಾಯ? ಸ್ಟ್ಯಾಂಡ್ ನಾನು ಮಾಡ್ತೀನಿ."

ನಿಜ ಹೇಳಬೇಕೆಂದರೆ ಅದು ಒಳ್ಳೆಯ ಉಪಾಯವೇ ಆಗಿತ್ತು. ಮೂರು ಸಲ ಜಾಲಿಸುತ್ತದೆಯೇ ಎಂದೊಂದು ಕೇಳಿದೆ. ಐದು ಸಲ ಬೇಕಾದರೂ ಜಾಲಿಸುತ್ತದೆ ಎಂದರು. ಮಷೀನು ನಿಶ್ಚಯವಾಯಿತು. ಮನೆಗೆ ಬಂದವಳೇ ಗೋಡೆಗೆ ಬೆನ್ನು ಕೊಟ್ಟು ನಿಂತು, "ಅಳತೆ ತಗೊಳ್ಳಿ" ಎಂದೆ.

"ನಿನ್ನ ಅಳತೆ ನನ್ನ ಹತ್ರ ಇದೆ, ಟೀಚರ್."

ಟ್ರಂಕಿನಿಂದ ಒಂದು ಹಳೆಯ ಡೈರಿ ಹೊರಬಂತು. ಕ್ವಾರ್ಟರ್ಸ್ ಬಿಟ್ಟು ಈ ಮನೆ ಕಟ್ಟಿಸಿದಾಗಿನದು. ಬಾಗಿಲು, ಕಿಟಕಿ, ಸಿಂಕು, ನೀರಿನ ತೊಟ್ಟಿ, ಇವುಗಳ ಮಧ್ಯೆ ಒಂದು ಸಾಲಿನಲ್ಲಿ ನಾನು: ತಲೆಯ ತನಕ ಇಷ್ಟು, ಮೊಣಕೈ ತನಕ ಇಷ್ಟು. ಆ ಅಳತೆಗೇ ಅಡುಗೆಮನೆಯ ಕಟ್ಟೆಯನ್ನು ಇವರು ನಿಂತು ಕಟ್ಟಿಸಿದ್ದರು. ಈಗ ಮಷೀನಿನ ಬಾಗಿಲೂ ಅದೇ ಮಟ್ಟಕ್ಕೆ ಬರುತ್ತದೆ ಎಂದರು.

"ಇಪ್ಪತ್ತೇಳು ವರ್ಷ ಆಯ್ತಲ್ರೀ."

"ಇಪ್ಪತ್ತೇಳು ವರ್ಷದಿಂದ ಆ ಕಟ್ಟೆ ಮೇಲೆ ಅಡುಗೆ ಮಾಡ್ತಿದ್ದೀಯ. ಒಂದಿನ ಎತ್ತರ ಆಯ್ತು ಅಂದಿದ್ಯಾ? ಬರೆದಿಟ್ಟಿರೋದು ಸುಳ್ಳಾಗುತ್ತಾ?"

ನಾನು ಸುಮ್ಮನಾದೆ. ಯಾಕೆ ಸುಮ್ಮನಾದೆ ಅನ್ನುವುದು ಆಮೇಲೆ ಬರುತ್ತದೆ.

ಪೇಪರ್ ಟೌನಿನ ಕಡೆ ಇವರ ಹಳೆಯ ಸಹೋದ್ಯೋಗಿಯೊಬ್ಬರ ವೆಲ್ಡಿಂಗ್ ಶೆಡ್ ಇದೆ. ನಾಲ್ಕು ದಿನ ಇವರು ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಅಲ್ಲಿಗೆ ಹೋದರು. ಸಂಜೆ ಬರುವಾಗ ಮೈತುಂಬ ಕಬ್ಬಿಣದ ಪುಡಿ, ಮುಖದಲ್ಲಿ ಮತ್ತೆ ಕೆಲಸ ಸಿಕ್ಕವನ ಕಳೆ. ಆ ಬಟ್ಟೆಗಳನ್ನು ನಾನು ಬಗ್ಗಿ ಬಗ್ಗಿ ಒಗೆದೆ. ಬೆನ್ನು ಉಳಿಸುವ ಯೋಜನೆಗೆ ಬೆನ್ನೇ ಬಂಡವಾಳ.

ಐದನೆಯ ದಿನ ಸ್ಟ್ಯಾಂಡ್ ಬಂತು. ಮೂಗಿಗಿಂತ ಮೂಗುತಿ ಭಾರ. ಅದನ್ನು ನೆಲಕ್ಕೂ ಗೋಡೆಗೂ ಬೋಲ್ಟ್ ಹಾಕಿ ಬಿಗಿದರು. ಮಷೀನು ಕೂರಿಸಲು ಬಂದ ಕಂಪನಿಯವರು ಅದನ್ನು ಅಲ್ಲಾಡಿಸಲು ನೋಡಿ, ತಾವೇ ಅಲ್ಲಾಡಿ, "ಸಾರ್, ಇದರ ಮೇಲೆ ಲಾರಿ ನಿಲ್ಲಿಸಬಹುದು" ಎಂದರು. ಇವರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು. ಶಿವಮೊಗ್ಗದಲ್ಲಿರುವ ಮಗಳಿಗೆ ವಿಡಿಯೊ ಕಾಲ್ ಮಾಡಿ ನಾಲ್ಕೂ ಕಾಲುಗಳನ್ನು ಒಂದೊಂದಾಗಿ ತೋರಿಸಿದರು. ಅವಳು, "ಚೆನ್ನಾಗಿದೆ ಅಬ್ಬಾ, ಅಮ್ಮಿ ಎಲ್ಲಿ ಕಾಣ್ತಿಲ್ಲ?" ಎಂದಳು. ನಾನು ಮಷೀನಿನ ಪಕ್ಕದಲ್ಲೇ ನಿಂತಿದ್ದೆ.

ಮೊದಲ ಒಗೆತ ಶುರುವಾಯಿತು. ಪೌಡರ್ ಹಾಕುವ ಡ್ರಾಯರ್ ನನ್ನ ಹುಬ್ಬಿನ ಮಟ್ಟಕ್ಕಿತ್ತು. ಎಷ್ಟು ಬಿತ್ತು, ಎಲ್ಲಿ ಬಿತ್ತು ಎಂದು ಅಂದಾಜಿನಲ್ಲೇ ಸುರಿದೆ. ಅರ್ಧ ಪೌಡರ್ ನನ್ನ ದುಪಟ್ಟಾದ ಮೇಲೆ ಬಿತ್ತು. ಬಟ್ಟೆ ತೆಗೆಯುವಾಗ ಕೈ ಭುಜಕ್ಕಿಂತ ಮೇಲೇರಬೇಕು, ಒದ್ದೆ ಬೆಡ್‌ಶೀಟಿನ ನೀರು ತೋಳಿನೊಳಗೆ ಇಳಿದು ಕಂಕುಳು ಸೇರಬೇಕು. ಬಗ್ಗುವುದು ಖಂಡಿತ ತಪ್ಪಿತ್ತು. ಈಗ ನೆಗೆಯಬೇಕಾಗಿತ್ತು.

"ಸ್ವಲ್ಪ ಅಭ್ಯಾಸ ಆಗ್ಬೇಕು," ಎಂದರು ಇವರು, "ಕಟ್ಟೆಯ ಎತ್ತರವೇ ಇದು. ಒಂದು ನೂಲೂ ಆಚೀಚೆ ಇಲ್ಲ."

ಬೆನ್ನಿನಲ್ಲಿ ಏನೋ ಚುಳಕ್ ಅಂದಿತು. ನಾನು ಬೆಡ್‌ಶೀಟನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದೆ, ಕಟ್ಟೆಯ ಕೆಳಗಿದ್ದ ಮಣೆಯನ್ನು ಕಾಲಿನಿಂದ ಹೊರಗೆಳೆದೆ. ನಾಲ್ಕು ಬೆರಳು ದಪ್ಪದ ಹಲಸಿನ ಮಣೆ, ತವರಿನಿಂದ ಬಂದದ್ದು. ಅದರ ನಡುವೆ ನನ್ನ ಎರಡು ಪಾದಗಳ ಜಾಗ ಸವೆದು ನುಣುಪಾಗಿದೆ.

"ಇದೇನು?" ಎಂದರು.

"ಇದು ನಿಮ್ಮ ಕಟ್ಟೆಯ ಎತ್ತರ. ಇದರ ಮೇಲೆ ನಿಂತೇ ನಾನು ಅಡುಗೆ ಮಾಡೋದು."

"ಯಾವಾಗಿಂದ?"

"ಗೃಹಪ್ರವೇಶದ ಮಾರನೇ ದಿನದಿಂದ. ನೀವು ಅಳತೆ ತಗೊಂಡ ದಿನ ನಾನು ಶಾಲೆ ಮುಗಿಸಿ ಸೀದಾ ಇಲ್ಲಿಗೆ ಬಂದಿದ್ದೆ. ಎಲ್ಲಾ ಕಡೆ ಜಲ್ಲಿ, ಸಿಮೆಂಟು. ನೀವು ಟೇಪ್ ಹಿಡಿದಾಗ ನನ್ನ ಕಾಲಲ್ಲಿ ಎತ್ತರದ ಚಪ್ಪಲಿ ಇತ್ತು ಕಣ್ರೀ."

ಇವರು ಹೋಗಿ ಟೇಪು ತಂದರು. ನನ್ನನ್ನು ಬರಿಗಾಲಿನಲ್ಲಿ ಗೋಡೆಗೆ ನಿಲ್ಲಿಸಿ ಅಳೆದರು. ಇನ್ನೊಮ್ಮೆ ಅಳೆದರು. ಚಪ್ಪಲಿಯ ಎತ್ತರ ಕಳೆದರೂ ಲೆಕ್ಕ ಕೂಡಲಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಇನ್ನೊಂದೂವರೆ ಇಂಚು ಕುಗ್ಗಿದ್ದೆ. ಡೈರಿ ತೆಗೆದು ಹಳೆಯ ಸಾಲನ್ನು ನೋಡಿದರು. ಅದನ್ನು ಹೊಡೆದು ಹಾಕಲಿಲ್ಲ, ಹೊಸದನ್ನು ಬರೆಯಲೂ ಇಲ್ಲ.

"ಹೇಳಬಾರದಿತ್ತಾ?" ಎಂದರು ಕೊನೆಗೆ.

ಹೇಳಬಹುದಿತ್ತು. ಕಟ್ಟೆಗೆ ಕಪ್ಪುಕಲ್ಲು ಹಾಸಿದ ದಿನ ಇವರು ಬೀದಿಯವರನ್ನೆಲ್ಲ ಕರೆದು, ಹೆಂಡತಿಯ ಅಳತೆಗೆ ಕಟ್ಟೆ ಕಟ್ಟಿಸಿದ ಗಂಡಸು ಈ ಊರಲ್ಲಿ ಇನ್ನೊಬ್ಬನಿಲ್ಲ ಎಂದು ತೋರಿಸಿದ್ದರು. ಆ ಮುಖ ನೋಡಿ ನನ್ನ ನಾಲಿಗೆ ಏಳಲಿಲ್ಲ. ಗೃಹಪ್ರವೇಶದ ಮರುದಿನ ಮಣೆ ತಂದಿಟ್ಟುಕೊಂಡೆ. ಇವರ ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಕೆಳಗಿಳಿದು ಕಾಲಿನಿಂದ ಅದನ್ನು ಒಳಗೆ ತಳ್ಳುತ್ತಿದ್ದೆ. ಇಪ್ಪತ್ತೇಳು ವರ್ಷ ಇವರು ನೋಡಲಿಲ್ಲ ಎಂದು ನನಗೆ ಸಿಟ್ಟಿದೆ. ನೋಡದ ಹಾಗೆ ಇಟ್ಟವಳು ನಾನೇ ಅನ್ನುವುದು ಆ ಸಿಟ್ಟನ್ನು ಕಡಿಮೆ ಮಾಡಿಲ್ಲ, ಇನ್ನಷ್ಟು ಹೆಚ್ಚಿಸಿದೆ.

ಮಾರನೆಯ ದಿನ ಮಷೀನು ಕೆಳಗಿಳಿಯಿತು. ಇವರು ಸ್ಟ್ಯಾಂಡಿನ ಕಾಲುಗಳನ್ನು ಕೊಯ್ದರು. ಕೊಯ್ಯುವ ಮುಂಚೆ ನನ್ನನ್ನು ಮೂರು ಸಲ ಕರೆದು ನಿಲ್ಲಿಸಿದರು. ಒಮ್ಮೆಯೂ ನೂಲಿನ ಮಾತು ಎತ್ತಲಿಲ್ಲ. ಮತ್ತೆ ಮಷೀನು ಏರಿದಾಗ ಬಾಗಿಲು ಸರಿಯಾಗಿ ನನ್ನ ಹೊಟ್ಟೆಯ ಮಟ್ಟಕ್ಕಿತ್ತು, ಡ್ರಾಯರ್ ಕಣ್ಣಿಗೆ ಕಾಣುವಲ್ಲಿತ್ತು. ಒಗೆದ ಬಟ್ಟೆ ಹಾಕುವ ಬುಟ್ಟಿ ನೆಲದಲ್ಲಿದ್ದರೆ ಮತ್ತೆ ಬಗ್ಗಬೇಕಲ್ಲ, ಅದಕ್ಕೆ ಡಾಕ್ಟರ್ ಹೇಳಿದ ನೀಲಿ ಕುರ್ಚಿಯನ್ನು ಎಳೆದು ಅದರ ಮೇಲೆ ಬುಟ್ಟಿ ಇಟ್ಟೆ. ನಮಾಜಿಗೆಂದು ಬಂದ ಕುರ್ಚಿಯಲ್ಲಿ ಬಟ್ಟೆ ಕೂತಿತು. ಹಗ್ಗ ಎಳೆದರೆ ಕೆಳಗಿಳಿಯುವ ಹ್ಯಾಂಗರ್ ಒಂದನ್ನು ಚಾವಣಿಗೆ ಹಾಕಿಸಿಕೊಂಡೆವು. ಅವತ್ತು ಬೆಳಿಗ್ಗೆ ಕಿಟಕಿಯ ಮೇಲೆ ಒಂದೂ ಹುಣಸೆಬೀಜ ಬೀಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿಸಿದ್ದನ್ನೆಲ್ಲ ನಮಾಜಿಗೆ ಇಟ್ಟರೂ, ಹಣೆ ನೆಲದಿಂದ ಎತ್ತಿ ಎದ್ದು ನಿಲ್ಲುವುದು ಹಾಗೇ ಕಷ್ಟವಾಗಿತ್ತು. ಕೈ ಗೋಡೆಗೆ ಹೋಗುತ್ತಿತ್ತು, ಜಾರುತ್ತಿತ್ತು. ಒಂದು ಸಂಜೆಯ ನಮಾಜಿನಲ್ಲಿ ಎರಡು ಸಲ ಪ್ರಯತ್ನಿಸಿಯೂ ಏಳಲಾಗದೆ ಮೂರನೆಯ ಸಲ ಹೇಗೋ ಎದ್ದೆ. ಬುಟ್ಟಿಯನ್ನು ಎಲ್ಲಿಡುವುದು ಎಂದು ಯೋಚಿಸತೊಡಗಿದೆ. ಕುರ್ಚಿ ಖಾಲಿ ಮಾಡುವ ಕಾಲ ಬಂತೆಂದು ಕಣ್ಣೀರನ್ನೂ ಹಾಕಿದೆ. ಯಾರಿಗೂ ಹೇಳಲಿಲ್ಲ. ಗೋಡೆ ಒರೆಸಿದೆ.

ಮುಂದಿನ ವಾರ ಎರಡು ದಿನ ಮಗಳ ಮನೆಯಲ್ಲಿದ್ದೆ. ವಾಪಸು ಬಂದಾಗ ಅಸರ್, ಅಂದರೆ ಇಳಿಹೊತ್ತಿನ ನಮಾಜಿನ ಸಮಯ, ಇವರು ಮಸೀದಿಗೆ ಹೋಗಿದ್ದರು. ಕೈಕಾಲು ಮುಖ ತೊಳೆದು ವುಜೂ ಮಾಡಿ ಒಳಕೋಣೆಗೆ ಬಂದರೆ, ನಾನು ನಮಾಜಿನ ಚಾಪೆ ಜಾನಮಾಜ್ ಹಾಸುವ ಜಾಗದ ಬಲಗಡೆಯ ಗೋಡೆಗೆ ಒಂದು ಕಬ್ಬಿಣದ ಹಿಡಿ ಕೂತಿತ್ತು. ಸ್ಟ್ಯಾಂಡಿನಿಂದ ಕೊಯ್ದ ಕಾಲುಗಳ ತುಂಡೇ. ತುದಿಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿತ್ತು, ಬಿಳಿ ಬಣ್ಣ ಬಳಿದಿತ್ತು. ಗೋಡೆಗೆ ಬೋಲ್ಟು, ಮಾಮೂಲಿನಂತೆ ಲಾರಿ ನಿಲ್ಲಿಸುವಷ್ಟು.

ಚಾಪೆ ಹಾಸಿ ನಿಂತೆ. ಹಣೆ ನೆಲಕ್ಕೆ ತಾಗಿತು. ಎಲ್ಲವೂ ನಿಂತಿತು. ಏಳುವಾಗ ಕೈ ತನ್ನಷ್ಟಕ್ಕೆ ತಾನು ದಿನಾ ಹೋಗುವ ಜಾಗಕ್ಕೆ ಹೋಯಿತು. ಹಿಡಿ ಅಲ್ಲಿಯೇ ಇತ್ತು. ಮೇಲೂ ಅಲ್ಲ, ಕೆಳಗೂ ಅಲ್ಲ. ಹಿಡಿದು ಎದ್ದು ನಿಂತೆ, ಒಂದೇ ಸಲಕ್ಕೆ.

ಇವರು ಮಸೀದಿಯಿಂದ ಬಂದು ಚಹಾಕ್ಕೆ ಕೂತರು. ನಾನು ಬೇಕೆಂದೇ ಬಿರುಸಾಗಿ ಕೇಳಿದೆ, "ನನ್ನನ್ನ ಕೇಳದೆ ಅಳತೆ ಎಲ್ಲಿಂದ ತಗೊಂಡ್ರಿ? ಮತ್ತೆ ಆ ಡೈರಿಯಿಂದಾನಾ?"

"ಗೋಡೆಯಿಂದ. ನೀನು ಒರೆಸಿ ಒರೆಸಿ ಅದೊಂದು ಜಾಗದಲ್ಲಿ ಸುಣ್ಣಾನೇ ಹೋಗಿದೆ, ಟೀಚರ್." ಚಹಾ ಊದಿಕೊಂಡು ಒಂದು ಗುಟುಕು ಕುಡಿದರು. "ಈ ಸಲ ತಪ್ಪಲ್ಲ. ನಮಾಜಲ್ಲಿ ನೀನು ಚಪ್ಪಲಿ ಹಾಕಿರಲ್ಲ."

ನೀಲಿ ಕುರ್ಚಿಯ ಮೇಲೆ ಈಗಲೂ ಬಟ್ಟೆ ಬುಟ್ಟಿಯೇ ಕೂತಿದೆ.